ಹದಿನಾಲ್ಕನೇ ನಂಬರು

ಎಪ್ಪತ್ತೆರಡು ಸಾವಿರಕ್ಕೆ ಮಾತು ಮುಗೀತು.
ಕಾಫಿ ಸೀಮೆಯ ಯಾವನೋ ರ‍್ಯಾಲಿ ಓಡಿಸಿ ಬಿಟ್ಟ
ಹಳದಿ ಪಾಲಿಯೋ, ಒಂದು ಪಾಯಿಂಟ್ ಆರು.
ಬಾಗಿಲ ಮೇಲಿನ ಹದಿನಾಲ್ಕು ಕಿತ್ತುಹೋಗಿ
ಅಂಕಿಯಿದ್ದಷ್ಟು ಜಾಗ ಮಾತ್ರ ಹೊಸ ಹಳದಿ,
ಉಳಿದದ್ದೆಲ್ಲ ಬಿಸಿಲು ತಿಂದದ್ದು.

"ಚೋರಡಿ ಆಸ್ಪತ್ರೆಗೆ ದಿನಾ ಹೋಗಿಬರೋಕೆ
ಇದಾ, ಮೇಡಂ?"
ಆಟೋ ಕಾಂಪ್ಲೆಕ್ಸಿನ ಖಲಂದರ್ ಭಾಯಿ
ಬಾನೆಟ್ಟಿಗೆ ಕೋಲು ಕೊಟ್ಟು
ನನ್ನನ್ನೊಮ್ಮೆ ಇಂಜಿನ್ನನ್ನೊಮ್ಮೆ ನೋಡಿದರು,
ಯಾರು ಮೊದಲು ಕೆಡುತ್ತಾರೆ ಅನ್ನುವ ಹಾಗೆ.

ಹೌದು, ಇದೇ.
ಫಾರ್ಮಸಿಯ ಬೀಗದ ಕೈ ನನ್ನ ಹತ್ತಿರ,
ಹನ್ನೊಂದು ವರ್ಷ ಬಸ್ಸಿನ ಕಂಬಿ ಹಿಡಿದು ನಿಂತಿದ್ದೇನೆ.
ಆಲ್ಟೋ ತಗೋ ಅಂದವರೆಲ್ಲ ಒಳ್ಳೆಯವರೇ.
ಅವರಿಗೆ ಹೇಳಲಿಲ್ಲ, ಹತ್ತೊಂಬತ್ತರಲ್ಲಿ
ಮಣ್ಣೆರಚಿ ತಿರುವು ತಿರುಗಿದ ಇಂಥದೇ ಒಂದನ್ನ
ಬೇಲಿ ಹತ್ತಿ ನೋಡಿದ್ದೆ,
ಇಳಿಯುವಾಗ ಲಂಗ ಹರಿದಿತ್ತು.

ಮೊದಲು ಒಳಗಿನ ಪಂಜರ ಬಿಚ್ಚಿದೆವು.
ಪಲ್ಟಿ ಹೊಡೆದರೆ ತಲೆ ಉಳಿಸುವ ಪೈಪು ಅದು;
ಸೀರೆ ಸಿಕ್ಕಿಕೊಳ್ಳುತ್ತೆ, ತೆಗೀರಿ ಅಂದೆ.
ಈಗ ಶೆಡ್ಡಿನ ಹಿಂದೆ ನಿಂತಿದೆ,
ಖಲಂದರ್ ಭಾಯಿಯ ಹೀರೆಬಳ್ಳಿ ಅದರ ಮೇಲೆ ಹಬ್ಬಿ
ಮೊನ್ನೆ ನಾಲ್ಕು ಕಾಯಿ ಕೊಟ್ಟು ಕಳಿಸಿದರು.

ಸ್ಪ್ರಿಂಗುಗಳು ಕಲ್ಲು.
ರೂಪಾಯಿ ನಾಣ್ಯದ ಮೇಲೆ ಹತ್ತಿಸಿದರೆ
ರಾಜನೋ ರಾಣಿಯೋ ಸೊಂಟವೇ ಹೇಳುತ್ತಿತ್ತು.
ಬದಲಿಸಿದೆವು. ಟೈಮಿಂಗ್ ಬೆಲ್ಟು
ಕೊಯಮತ್ತೂರಿಂದ ಬಸ್ ಪಾರ್ಸಲ್ಲಿನಲ್ಲಿ ಬಂತು,
ಜೊತೆಗೆ ಯಾರದೋ ಮಲ್ಲಿಗೆಯ ವಾಸನೆ.
ಹಿಂದಿನ ಸೀಟು ಭದ್ರಾವತಿಯ ಗುಜರಿಯದು,
ಕಂದು, ಹೊಂದುವುದಿಲ್ಲ, ಇರಲಿ.
ಸೈಲೆನ್ಸರ್ ಮಾತ್ರ ಒದ್ದಾಡಿಸಿತು.
ಆ ಸದ್ದಿಗೆ ನಮ್ಮ ಬಿಪಿ ಪೇಷಂಟುಗಳು
ಮಾತ್ರೆ ಇಲ್ಲದೇ ಮೇಲೆ ಹೋಗುತ್ತಿದ್ದರು.

ಒಂದು ಭಾನುವಾರ, ಎಡ ಸೀಟಿನ ಕೆಳಗೆ
ಗ್ರೀಸು ಹತ್ತಿದ ಪುಟ್ಟ ನೋಟುಬುಕ್ಕು.
ಪಕ್ಕ ಕೂತವನು ಓಡಿಸುವವನಿಗೆ
ಕೂಗಿ ಓದುವ ದಾರಿಯಂತೆ ಅದು.
"ನೂರೈವತ್ತು. ಎಡ ಮೂರು, ಬಿಗಿಯಾಗುತ್ತೆ.
ಒಳಗೆ ಕತ್ತರಿಸಬೇಡ, ಬಂಡೆ."
ಪುಟಪುಟಕ್ಕೂ ಹೀಗೆ.
ಕಾಣದ ತಿರುವನ್ನ ಒಬ್ಬ ಹೇಳುವುದು,
ಇನ್ನೊಬ್ಬ ನಂಬುವುದು.
ಕೊನೆಯ ಪುಟದಲ್ಲಿ ಪೆನ್ನು ಅರ್ಧಕ್ಕೆ ಜಾರಿತ್ತು.
ಭಾಯಿ ಅದನ್ನ ನೋಡಿ ಕೈ ಒರೆಸಿಕೊಂಡರು,
ಏನಾಯಿತೋ ನಾನು ಕೇಳಲಿಲ್ಲ.
ಬಲಗಡೆಯ ಬಾಗಿಲು ಆ ಕಾರಿನದಲ್ಲ
ಅಂತ ಅವರು ಮೊದಲೇ ಹೇಳಿದ್ದರು.

ಖಾಲಿ ಹಾಳೆ ಇನ್ನೂ ಇದ್ದವು. ನಾನೂ ಬರೆದೆ.

ಸಾಗರ ರಸ್ತೆ. ಬೆಳಿಗ್ಗೆ ಎಂಟು ಹತ್ತು.
ಬಲ ನಾಲ್ಕು, ಹಾಲಿನ ಕ್ಯಾನುಗಳು.
ಇನ್ನೂರು. ಬಣ್ಣವಿಲ್ಲದ ಹಂಪು, ನಂಬಬೇಡ.
ಎಡ ಎರಡು, ಸ್ಕೂಲು, ಚೀಲದ ಹುಡುಗಿ
ನೋಡದೇ ದಾಟುತ್ತಾಳೆ, ದಿನಾ.
ಆಯನೂರು. ಎರಡನೇ ಗೇರು, ಎಮ್ಮೆ ಹೇಳಿದಷ್ಟು ಹೊತ್ತು.
ಕುಂಸಿಯಲ್ಲಿ ಫ್ಯಾನು ತಿರುಗುತ್ತಿದೆಯಾ, ಕಿವಿ ಕೊಡು.
ಬುಧವಾರ ಹಿಂದೆ ಲಸಿಕೆಯ ಐಸ್ ಡಬ್ಬಿ, ಎಲ್ಲ ತಿರುವಿಗೂ
ಒಂದು ಅಂಕಿ ಕಡಿಮೆ ಮಾಡಿಕೊ.

ಆಮೇಲೆ ಒಂದು ನೇರ, ಆರುನೂರು,
ಎರಡೂ ಕಡೆ ಸಾಗುವಾನಿ, ಮುಂದೆ ಯಾರೂ ಇಲ್ಲ.
ಅಲ್ಲಿಗೆ ಏನೂ ಬರೆದಿಲ್ಲ.

ಲೀಟರಿಗೆ ಒಂಬತ್ತು ಕೊಡುತ್ತೆ, ಕೇಳಿದವರಿಗೆ
ಹದಿಮೂರು ಅನ್ನುತ್ತೇನೆ.
ಒಂಬತ್ತಕ್ಕೆ ಆರು ನಿಮಿಷ ಇರುವಾಗ
ಫಾರ್ಮಸಿಯ ಬೀಗ ತೆಗೆಯುತ್ತೇನೆ.
ಕೈ ಇನ್ನೂ ಸಣ್ಣಗೆ ನಡುಗುತ್ತಿರುತ್ತೆ,
ಮೊದಲ ಸಿರಪ್ಪಿನ ಬಾಟಲಿಗೆ
ಅದು ಗೊತ್ತು.